ಸಿರಿಯ ಬಲಗೆನ್ನೆ

ನನ್ನ ಮೇಲೆ ಏನು ಬೇಕಾದರೂ ದೂರು ಹೇಳಿ. ಮುಂಗೋಪಿ ಅನ್ನಿ, ಗೊರಕೆ ಹೊಡೆಯುತ್ತಾನೆ ಅನ್ನಿ (ಹೊಡೆಯುತ್ತೇನೆ), ಬೀಗರೂಟದಲ್ಲಿ ಎರಡು ಪಂಕ್ತಿ ಉಂಡವನು ಅನ್ನಿ (ಎರಡನೆಯದು ಅವರ ಬಲವಂತಕ್ಕೆ). ಆದರೆ ಈ ಚೆಲುವಯ್ಯನಿಗೆ ಶುಚಿತ್ವ ಗೊತ್ತಿಲ್ಲ ಅಂತ ಮಾತ್ರ ಹೇಳಬೇಡಿ. ಮೂವತ್ತೆರಡು ವರ್ಷದಿಂದ ರೇಷ್ಮೆಹುಳು ಸಾಕುತ್ತಿರುವವನು ನಾನು. ಕೈಕಾಲು ತೊಳೆಯದಿದ್ದರೆ ಸಾಕ್ಷಾತ್ ತಹಶೀಲ್ದಾರರನ್ನೂ ನನ್ನ ಹುಳುವಿನ ಮನೆಗೆ ಬಿಡುವವನಲ್ಲ. (ಅವರು ಇದುವರೆಗೆ ಬಂದಿಲ್ಲ, ಅದು ಬೇರೆ ಮಾತು.) ಹುಳುಗಳಿಗೆ ಬರುವ ಹಾಲುರೋಗ, ಸಪ್ಪೆರೋಗ ಯಾವುದೂ ನನ್ನ ಹೊಸ್ತಿಲು ದಾಟಿಲ್ಲ. ಅಂಥ ನನ್ನನ್ನು, ನನ್ನದೇ ಮನೆಯಲ್ಲಿ, ನನ್ನದೇ ಕಾನೂನಿನಿಂದ... ತಡೆಯಿರಿ, ಮೊದಲಿನಿಂದ ಹೇಳುತ್ತೇನೆ.

ನನ್ನ ಮೊಮ್ಮಗಳು ಸಿರಿಗೆ ನಾಲ್ಕು ವರ್ಷ. ಈ ಬೇಸಿಗೆಯಲ್ಲಿ ಒಂದು ದಿನ ಅವಳ ಬಲಗೆನ್ನೆಯಿಂದ ಕತ್ತಿನವರೆಗೆ ಕೆಂಪು ಗುಳ್ಳೆಗಳೆದ್ದವು. ಮಗು ಪರಪರ ಕೆರೆದುಕೊಳ್ಳುವುದು, ಅಳುವುದು, ಮತ್ತೆ ಕೆರೆದುಕೊಳ್ಳುವುದು. ಎಂದಿನಂತೆ ಅವಳನ್ನು ಎತ್ತಿ ಎಡ ಹೆಗಲ ಮೇಲೆ ಹಾಕಿಕೊಂಡು ಹಿತ್ತಲೆಲ್ಲ ತಿರುಗಿಸುತ್ತಿದ್ದೆ. ನನ್ನ ಟವಲ್ಲಿನ ಮೇಲೆ ಕೆನ್ನೆ ಇಟ್ಟರೆ ಸಾಕು, ನಿದ್ದೆ ಹೋಗುತ್ತಿದ್ದಳು.

ನನ್ನ ಹೆಂಡತಿ ವೆಂಕಟಲಕ್ಷ್ಮಮ್ಮ ನೋಡಿದವಳೇ ತೀರ್ಪು ಕೊಟ್ಟಳು. "ಇದು ಪಿತ್ತದ ಗಂಧೆ. ಕಂಬ್ಳೀಲಿ ಒಸಿ ತಿಕ್ಬುಟ್ರೆ ಇಳ್ದೋಯ್ತದೆ."

"ಮಗಿನ ಕೆನ್ನೆ ಕಣೇ ಅದು, ಎಮ್ಮೆ ಬೆನ್ನಲ್ಲ!"

"ನಿಮ್ಗೇನ್ ಗೊತ್ತು, ಸುಮ್ಕಿರಿ. ನಿಮ್ಮಗುನ್ಗೂ ಹಿಂಗೇ ತಿಕ್ಕಿದ್ದೆ."

"ಅದ್ಕೇ ಅವ್ನು ಹಂಗವ್ನೆ!"

ಕಂಬಳಿಯನ್ನು ಅವಳೊಂದು ಕಡೆ ನಾನೊಂದು ಕಡೆ ಹಿಡಿದು ಎಳೆದಾಡುತ್ತಿರುವಾಗ ಸೊಸೆ ಭಾನುಪ್ರಿಯ ಬಂದು ನಿಂತಳು. ಮಿತಭಾಷಿ. ಇವಳ ನಾಲ್ಕು ಮಾತಿಗಿಂತ ನನ್ನ ಹೆಂಡತಿಯ ನಾನೂರು ಮಾತೇ ವಾಸಿ.

"ಮಾವ, ಇನ್ನೆರಡು ದಿನ ನೋಡ್ತೀನಿ. ವಾಸಿಯಾಗ್ನಿಲ್ಲ ಅಂದ್ರೆ ಕುದೂರಿಗೆ ಕರ್ಕೊಂಡೋಯ್ತೀನಿ. ಬೇಸ್ಗೆ ಮುಗಿಯೋಗಂಟ ಅಲ್ಲೇ ಇರ್ಲಿ."

ಕುದೂರು ಅವಳ ತವರು. ಅಲ್ಲಿ ಸಿರಿಯ ಇನ್ನೊಬ್ಬ ತಾತನ ಮನೆಯಲ್ಲಿ ಉಯ್ಯಾಲೆ ಇದೆ, ಗೋಡೆಯಗಲದ ಟೀವಿ ಇದೆ. ಒಂದು ತಿಂಗಳು ಅಲ್ಲಿದ್ದು ಬಂದರೆ ಮಗು ನನ್ನನ್ನು "ಯಾರಿವ್ರು?" ಅನ್ನುವುದು ಖಂಡಿತ. ಸಿರಿ ಇಲ್ಲದ ಬೇಸಿಗೆ ನನಗೆ ಬೇಡವೇ ಬೇಡ.

ಆಗಲೇ ನನ್ನ ತಲೆಗೆ ಮಹದಾಲೋಚನೆಯೊಂದು ಹೊಳೆದದ್ದು. ಹುಳುವಿಗೆ ರೋಗ ತಾನಾಗಿ ಬರುತ್ತದೆಯೇ? ಇಲ್ಲ. ಯಾರೋ ಕೈಯಲ್ಲಿ ಕಾಲಲ್ಲಿ ತರುತ್ತಾರೆ. ಮಗುವಿಗೂ ಅದೇ ನ್ಯಾಯ! ತಕ್ಷಣ ನಡುಮನೆಯ ಬಾಗಿಲಲ್ಲಿ ಸೋಪಿನ ನೀರಿನ ಬಕೆಟ್ಟು ಸ್ಥಾಪಿಸಿ ರಾಜಾಜ್ಞೆ ಹೊರಡಿಸಿದೆ. ಸಿರಿಯ ಕೈಗೊಂದು ಚೊಂಬು ಕೊಟ್ಟು, "ಯಾರೇ ಬರ್ಲಿ ಕೂಸೇ, ಕೈಕಾಲ್ ತೊಳೀದೆ ಒಳೀಕ್ ಬುಡ್ಬೇಡ" ಎಂದು ಅವಳನ್ನೇ ಕಾವಲಿಗೆ ನೇಮಿಸಿದೆ. ಹೆಪ್ಪಿಗೆ ಮೊಸರು ಕೇಳಲು ಬಂದ ಪಕ್ಕದ ಮನೆ ಯಲ್ಲಮ್ಮನಿಂದ ಎರಡು ಸಲ ಕಾಲು ತೊಳೆಸಿದೆ. ಮೊಸರೂ ಬೇಡ, ನಿಮ್ಮ ಮನೆಯೂ ಬೇಡ ಅಂತ ಹೋದವರು ಇವತ್ತಿಗೂ ಮಾತು ಬಿಟ್ಟಿದ್ದಾರೆ. ನನ್ನ ಹೆಂಡತಿ ದಿನಕ್ಕೆ ಹತ್ತು ಸಲ ತೊಳೆದು ಹತ್ತೂ ಸಲ ನನಗೆ ಶಾಪ ಹಾಕಿದಳು. ತೊಳೆಯದೆ ಒಳಗೆ ಓಡಾಡುತ್ತಿದ್ದವನು ನಾನೊಬ್ಬನೇ. ಕಾನೂನು ಮಾಡಿದವನಿಗೂ ಕಾನೂನೇ?

(ಇಲ್ಲೊಂದು ಸಣ್ಣ ವಿಷಯ, ನಿಮ್ಮಲ್ಲೇ ಇರಲಿ. ನನಗೆ ಸಕ್ಕರೆ ಕಾಯಿಲೆ. ಡಾಕ್ಟರು ಮಾವಿನಹಣ್ಣು ಮುಟ್ಟಬೇಡ ಅಂದಿದ್ದಾರೆ. ಆದರೆ ಹುಳುವಿನ ಮನೆಯ ಹಿಂದೆ ಬಾದಾಮಿ ಮಾವಿನ ಮರವಿದೆ. ಅದರ ಇನ್ನೂ ಪೂರ್ತಿ ಹಣ್ಣಾಗದ ದೋರೆಗಾಯಿಯನ್ನು ಕಿತ್ತು, ತೊಟ್ಟು ಮುರಿದು, ಟವಲ್ಲಿನಿಂದ ಚೆನ್ನಾಗಿ ಒರೆಸಿ, ಉಪ್ಪು ಖಾರ ಹಚ್ಚಿ ತಿಂದರೆ ಅದು ಹಣ್ಣು ತಿಂದಂತಾಗುವುದಿಲ್ಲ. ಡಾಕ್ಟರು ಕಾಯಿಯ ಬಗ್ಗೆ ಏನೂ ಹೇಳಿಲ್ಲ.)

ಇಷ್ಟೆಲ್ಲ ಬಂದೋಬಸ್ತಿನ ನಡುವೆಯೂ ಗುಳ್ಳೆಗಳು ಹೆಚ್ಚಿದವು. ಹೆಚ್ಚಿದಷ್ಟೂ ಸಿರಿ ಅತ್ತಳು, ಅತ್ತಷ್ಟೂ ನಾನು ಎತ್ತಿಕೊಂಡೆ. ಮೂರನೇ ದಿನ ಬೆಳಿಗ್ಗೆ ಭಾನುಪ್ರಿಯ ಬ್ಯಾಗಿಗೆ ಸಿರಿಯ ಬಟ್ಟೆ ತುಂಬುತ್ತಿದ್ದಳು. ಅಷ್ಟರಲ್ಲಿ ನಮ್ಮೂರಿನ ಆಶಾ ಕಾರ್ಯಕರ್ತೆ ಲತಾಮಣಿ ಬಂದಳು. ಸಿರಿ ಚೊಂಬು ಅಡ್ಡ ಹಿಡಿದಳು. ಲತಾಮಣಿ ನಗುತ್ತಾ ತೊಳೆದು ಬಂದು ಮಗುವಿನ ಗಲ್ಲ ಎತ್ತಿ ನೋಡಿದಳು.

"ಇದು ಗಂಧೆ ಅಲ್ಲ. ಯಾವ್ದೋ ಗಿಡದ ಹಾಲೋ ಸೊನೇನೋ ತಾಗೈತೆ. ಸೋಪು ಹಾಕಿ ತಣ್ಣೀರಲ್ಲಿ ಮೆತ್ತಗೆ ತೊಳೀರಿ. ಉಗುರು ಕತ್ತರ್ಸಿ. ತಣ್ಣನೆ ಒದ್ದೆ ಬಟ್ಟೆ ಇಟ್ಟು ಆಮೇಲೆ ಕ್ಯಾಲಮೈನ್ ಲೋಷನ್ನು ಹಚ್ಚಿ. ಕಣ್ಣತ್ರ ಬಂದ್ರೆ, ಮಕ ಊದ್ಕೊಂಡ್ರೆ ಆಸ್ಪತ್ರೆಗೆ ಹೋಗಿ. ಕಂಬ್ಳಿಗಿಂಬ್ಳಿ ಹತ್ರಾನೂ ತರ್ಬೇಡಿ."

ನಾನು ಹೆಂಡತಿಯ ಕಡೆ ವಿಜಯದ ನೋಟ ಬೀರಿದೆ. ಅಲ್ಲಿಗೇ ನಿಲ್ಲಿಸಿದ್ದರೆ ಗೆದ್ದಿರುತ್ತಿದ್ದೆ.

"ಒಂದು ಮೆತ್ತನೆ ಬಟ್ಟೆ ಕೊಡಿ" ಎಂದಳು ಲತಾಮಣಿ. ನಾನು ಹೆಗಲಿನ ಟವಲ್ಲನ್ನು ಗತ್ತಿನಿಂದ ಕೊಟ್ಟೆ. ಅವಳು ಬಿಡಿಸಿದಳು. ಅದರ ತುಂಬ ಕಪ್ಪು ಕಲೆ. ಮೂಗಿನ ಹತ್ತಿರ ಹಿಡಿದಳು.

"ಚೆಲುವಣ್ಣ, ಇದು ಮಾವಿನ ಸೊನೆ ಅಲ್ವಾ? ಕೂಸು ಯಾವ ಕಡೀಕೆ ಮಕ ಇಟ್ಕೊಂಡು ಮಲ್ಕತದೆ?"

ನಾನು ಬಾಯಿ ತೆರೆಯುವ ಮೊದಲೇ ಸಿರಿ ಓಡಿಬಂದು ನನ್ನ ಎಡ ಹೆಗಲು ಏರಿ, ಬಲಗೆನ್ನೆ ಇಟ್ಟು, "ಹಿಂಗೆ!" ಎಂದಳು.

"ಮಾವಿನ್ಕಾಯಾ?" ಎಂದಳು ನನ್ನ ಹೆಂಡತಿ, ಬಹಳ ಮೆಲ್ಲಗೆ. "ದಿನಕ್ಕೆಷ್ಟು?"

"ಯಾವಾಗ್ಲೋ ಒಂದು..."

"ಮೂರು," ಎಂದಳು ಸಿರಿ. "ತಾತ ದಿನಾ ಮೂರು ತಿಂತದೆ."

ಮೂವತ್ತೆರಡು ವರ್ಷ ಒಂದು ಹುಳುವಿಗೂ ರೋಗ ಅಂಟಿಸದವನು ಸ್ವಂತ ಮೊಮ್ಮಗಳಿಗೆ ಅಂಟಿಸಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅದನ್ನು ಒಪ್ಪಿಕೊಂಡೆ. ಆದರೆ ಆಮೇಲೆ ನಡೆದದ್ದು ನ್ಯಾಯವೇ, ನೀವೇ ಹೇಳಿ! ಟವಲ್ಲು ಒಲೆಗೆ ಹೋಯಿತು. ನಾನು ಜಗಲಿಗೆ ಹೋದೆ. ಮರದ ಕಾಯನ್ನೆಲ್ಲ ಕೀಳಿಸಿ, ತೊಳೆಸಿ, ನನ್ನ ಹೆಂಡತಿ ಕುದೂರಿನ ಬೀಗರಿಗೆ ಕಳಿಸಿದಳು. ಅವರು ಹಣ್ಣಿಗೆ ಹಾಕಿ ತಿಂದು ಫೋನು ಮಾಡಿ, "ಬರೀ ಸಕ್ಕರೆ ಕಣಣ್ಣೋ!" ಎಂದರು.

ಸಿರಿ ಮಾತ್ರ ಕುದೂರಿಗೆ ಹೋಗಲಿಲ್ಲ. ಐದು ದಿನಕ್ಕೆ ಕೆನ್ನೆ ತಿಳಿಯಾಯಿತು. ಅವಳ ಕಾವಲುಗಾರಿಕೆ ಮಾತ್ರ ಮುಂದುವರಿಯಿತು. ನಿನ್ನೆ ಸಂಜೆ ಹುಳುವಿಗೆ ಸೊಪ್ಪು ಹಾಕಿ ಬಂದವನನ್ನು ಬಾಗಿಲಲ್ಲೇ ತಡೆದಳು.

"ಕೈ ತೊಳ್ಕೊ." ತೊಳೆದೆ.

"ಕಾಲು." ತೊಳೆದೆ. ಒಳಗೆ ಹೆಜ್ಜೆ ಇಡಲು ಹೋದೆ.

"ಬಾಯಿ ತೆಗಿ ತಾತ, ನೋಡ್ತೀನಿ."

(ಸೊಪ್ಪಿನ ರಾಶಿಯ ಅಡಿಯಲ್ಲಿ ಒಂದೇ ಒಂದು ಕಾಯಿ ಉಳಿಸಿಕೊಂಡಿದ್ದೆ ಅಂತ ನಿಮಗೂ ಹೇಳಿರಲಿಲ್ಲ.) ಬೇರೆ ದಾರಿಯಿಲ್ಲದೆ ಬಗ್ಗಿ ಬಾಯಿ ತೆರೆದೆ. ಸಿರಿ ಮೂಗು ಹತ್ತಿರ ತಂದು ಮೂಸಿದಳು, ಅಡುಗೆಮನೆಯ ಕಡೆ ತಿರುಗಿದಳು.

"ಅಜ್ಜೀ...!"