ಒಂದು ಅಂಗುಲ ನಲವತ್ತಮೂರು ಸೆಂಟು

ಕಾಲೇಜಿನ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಕಾಡಸಿದ್ದಪ್ಪನನ್ನು ಎಬ್ಬಿಸುತ್ತಿದ್ದುದು ಗಂಟೆಯಲ್ಲ, ಕಂಬಳಿ ಎಳೆಯುವ ಗೆಳೆಯ. ಬಿ.ಎಸ್ಸಿ. ಪದವಿ ಕೊಟ್ಟು ಕಳಿಸಿದ ವಿಶ್ವವಿದ್ಯಾನಿಲಯವು ಆ ಗೆಳೆಯನನ್ನು ಮಾತ್ರ ಜೊತೆಗೆ ಕಳಿಸಿರಲಿಲ್ಲ. ಹೀಗಾಗಿ ಮೂವತ್ತೊಂದನೆಯ ಇಸವಿಯಲ್ಲಿ, ಸ್ವಾತಿ ಮಳೆ ರಾತ್ರಿಯೆಲ್ಲ ಸುರಿದು ಹೊಳವಾದ ಬೆಳಿಗ್ಗೆ, ಮಧುಗಿರಿಯ ಬಾಡಿಗೆ ಕೋಣೆಯಲ್ಲಿ ಅವನು ಕಣ್ಣು ಬಿಟ್ಟಾಗ ಬಿಸಿಲು ಸಾಲ ಕೊಟ್ಟವನಂತೆ ಎದೆಯ ಮೇಲೆ ಕುಳಿತಿತ್ತು. ಗಡಿಯಾರ ಒಂಬತ್ತೂ ಕಾಲು ತೋರಿಸುತ್ತಿತ್ತು.

ಅವನು ಶಿರಾ ಸೀಮೆಯ ತಾವರೆಕೆರೆಯವನು. ಮೂರು ತಿಂಗಳಿಂದ ಇಲ್ಲಿನ ತಾಲ್ಲೂಕು ಕಛೇರಿಯಲ್ಲಿ ಹಂಗಾಮಿ ಗುಮಾಸ್ತ. ವಿಜ್ಞಾನ ಓದಿದವನೆಂದು ಕಛೇರಿಯ ಅಂಗಳದ ಮಳೆಮಾಪಕವನ್ನು ಅವನ ಕೊರಳಿಗೆ ಕಟ್ಟಿದ್ದರು. ತಾಮ್ರದ ಡಬ್ಬಿ, ಮೇಲೊಂದು ಲಾಳಿಕೆ, ಒಳಗೊಂದು ಸೀಸೆ. ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ಸೀಸೆಯ ನೀರನ್ನು ಅಳತೆಯ ಗಾಜಿಗೆ ಬಗ್ಗಿಸಿ, ಎಷ್ಟು ಅಂಗುಲ, ಅಂಗುಲದ ನೂರನೆಯ ಪಾಲಾದ ಸೆಂಟು ಎಷ್ಟು ಎಂದು ರಿಜಿಸ್ಟರಿನಲ್ಲಿ ಬರೆಯಬೇಕು.

"ಒಂದು ದಿನ ತಪ್ಪಿದರೂ ಕೆಲಸ ಕಾಯಂ ಮಾಡಿ ಅಂತ ನಾನು ಬರೆಯೋಲ್ಲ ಕಣಯ್ಯ," ಎಂದು ಶಿರಸ್ತೇದಾರ್ ವೆಂಕಟರಾಮಯ್ಯನವರು ಮೊದಲ ದಿನವೇ ಹೇಳಿದ್ದರು. ಇದುವರೆಗೆ ಅವನು ಹೇಗೋ ಒಂದು ದಿನವೂ ತಪ್ಪಿರಲಿಲ್ಲ. ಮೂರು ತಿಂಗಳ ಗಡುವು ಮುಗಿಯುವುದು ಈ ದಿನ. ಸಂಜೆಯೊಳಗೆ ಅವರು ಬರೆಯುವ ಎರಡು ಸಾಲಿನ ಮೇಲೆ ಕಾಡಸಿದ್ದಪ್ಪನ ಬದುಕು ನಿಂತಿತ್ತು. ತಪ್ಪಿದರೆ ತಾವರೆಕೆರೆಗೆ ಮರಳಿ, ಓದಿಸಿದ ಅಪ್ಪನಿಗೆ ಮುಖ ತೋರಿಸಬೇಕು.

ಓಡುತ್ತ ಓಡುತ್ತ ಅವನು ಸಮಾಧಾನ ತಂದುಕೊಂಡ. ಮಳೆ ಬೆಳಗಿನ ಜಾವಕ್ಕೇ ನಿಂತಿದೆ. ಸೀಸೆಯ ನೀರನ್ನು ಎಂಟಕ್ಕೆ ಅಳೆದರೇನು, ಒಂಬತ್ತೂವರೆಗೆ ಅಳೆದರೇನು? ನೀರು ಎಲ್ಲಿಗೂ ಹೋಗುವುದಿಲ್ಲ.

ನೀರು ಹೋಗಿತ್ತು. ಲಾಳಿಕೆ ತೆಗೆದರೆ ಸೀಸೆ ತೊಳೆದಿಟ್ಟ ಹಾಗೆ ಬರಿದಾಗಿತ್ತು. ಅಂಗಳವೆಲ್ಲ ಕೆಸರು, ಬೇಲಿಯ ಎಲೆಯೆಲೆಯಲ್ಲೂ ಹನಿ, ಮಳೆಯನ್ನು ಹಿಡಿಯಲೆಂದೇ ಸರ್ಕಾರ ನೆಟ್ಟ ಸೀಸೆಯಲ್ಲಿ ಮಾತ್ರ ಒಂದು ತೊಟ್ಟಿಲ್ಲ.

ಜವಾನ ಪಾಲಪ್ಪ ಮೆಟ್ಟಿಲ ಮೇಲೆ ಕುಳಿತು ಎಲೆಗೆ ಸುಣ್ಣ ಸವರುತ್ತಿದ್ದ. "ಸೀಸೆ ನೀರಾ? ಅದ್ನ ಕೋಳಿ ಕೂಗೋ ಹೊತ್ಗೇ ಹಿಂದ್ಲ ಬೀದಿ ಕದರಮ್ಮ ತಗಂಡ್ ಹೋದ್ಲು ಸಾಮಿ."

"ಯಾಕೆ ಕೊಟ್ಟೆ?"

"ಸ್ವಾತಿ ಮಳೆ ನೀರು ಸಾಮಿ. ಕಾಸಿದ ಹಾಲಿಗೆ ನಾಕು ತೊಟ್ಟು ಬುಟ್ರೆ ಹೆಪ್ಪೇ ಬ್ಯಾಡ, ಚಾಕೂನಾಗೆ ಕುಯ್ಯಂಗೆ ಮೊಸ್ರು. ಆದ್ರೆ ನೆಲ ಮುಟ್ಟಿರಬಾರ್ದು, ಹೆಂಚು ಮುಟ್ಟಿರಬಾರ್ದು. ಸರ್ಕಾರದ ಸೀಸೆಗಿಂತ ಮಡಿ ಎಲ್ಲೈತೆ? ವರ್ಸಾ ಇಂಗೇ ನಡ್ದೈತೆ."

"ಹಾಗಾದರೆ ನನಗಿಂತ ಮೊದಲಿದ್ದ ಗುಮಾಸ್ತರು ಏನು ಬರೆಯುತ್ತಿದ್ದರು?"

"ಅವ್ರು ನಸುಕ್ನಾಗೇ ಎದ್ದು ಅಳ್ದು, ತಾವೇ ನೀರು ಕೊಟ್ಬುಡೋರು. ನಿಮ್ಮ ಬಾಗ್ಲು ನಾನೇ ಮೂರು ಸಲ ಬಡ್ದೆ. ಇಂಕ ಏಮಿ ಚೇಸೇದಿ?"

ಪಾಲಪ್ಪ ಪಾವಗಡದ ಕಡೆಯವನು. ಇನ್ನೇನು ಮಾಡಲಿ ಎನ್ನುವಷ್ಟು ಪರಿಸ್ಥಿತಿ ಕೈಮೀರಿದಾಗ ಮಾತ್ರ ತೆಲುಗಿಗೆ ಹೊರಳುತ್ತಿದ್ದ. ಪಾಲಪ್ಪ ಎಲೆ ಮಡಿಸಿ ಬಾಯಿಗಿಟ್ಟು ಮುಂದುವರಿಸಿದ: "ಇನ್ನೊಂದು ಸಾಮಿ. ಬೆಂಗ್ಳೂರಿಂದ ಮಳೆ ಇನ್‌ಸ್ಪೆಕ್ಟ್ರು ನಿನ್ನೆ ಸಂಜೆ ಬಸ್ಸಿಗೆ ಬಂದು ಪ್ರವಾಸಿ ಬಂಗ್ಲೇಲಿ ಇಳ್ಕಂಡವ್ರೆ. ಅವ್ರದ್ದೇ ಬೇರೆ ಯಂತ್ರ ಐತಂತೆ. ಅವ್ರ ಮಳೆಗೂ ನಿಮ್ಮ ಮಳೆಗೂ ಹನ್ನೊಂದು ಗಂಟೆಗೆ ತಾಳೆ ನೋಡ್ತಾರಂತೆ."

ಕಾಡಸಿದ್ದಪ್ಪ ಕಛೇರಿಯ ಹಿಂದಿನ ಬೀದಿಗೆ ಹಾರಿದ.

ಕದರಮ್ಮ ಅರವತ್ತರ ಮುದುಕಿ. ಒಲೆಯ ಮುಂದೆ ಕುಳಿತವಳು ಅವನನ್ನು ಕಂಡು ಮಣೆ ಸರಿಸಿದಳು. "ಬಾ ಮಗಾ, ಕುಂತ್ಕ. ಮೊಸ್ರು ಸಂಜೆಗಾಯ್ತದೆ, ನಿಂಗೂ ಒಂದು ಕುಡಿಕೆ ಮಡಗ್ತೀನಿ."

"ನೀರು ಎಲ್ಲಮ್ಮಾ?"

"ಬೀದಿಗೆಲ್ಲಾ ಹಂಚ್ಬುಟ್ಟೆ ಕಣಪ್ಪಾ. ಹದ್ನೇಳು ಮನೆ. ಒಬ್ಳೇ ಮಡಿಕಂಡ್ರೆ ಸುಮ್ಕಿರ್ತಾರಾ?"

"ಎಷ್ಟೆಷ್ಟು ಹಂಚಿದಿರಿ?"

"ಅದಕ್ಕೂ ಲೆಕ್ಕವಾ? ಚಿಕ್ಕಕ್ಕಂಗೆ ಒಂದು ಒಳಲೆ ಕೊಟ್ಟೆ, ಮಗೀಗೆ ಹಾಲು ಕುಡಿಸೋ ಒಳಲೆ. ರಂಗಕ್ಕ ಚೊಂಬೇ ಹಿಡ್ಕಂಡು ಬಂದ್ಲು, ಅರ್ಧ ಚೊಂಬು ಬಗ್ಗಿಸ್ಕಂಡ್ಲು. ಅವಳ ಆಸೆ ನಿಂಗೆ ಗೊತ್ತಿಲ್ಲ."

ಕಾಡಸಿದ್ದಪ್ಪನಿಗೆ ಆಸೆ ಚಿಗುರಿತು. ಹದಿನೇಳು ಮನೆಯ ನೀರನ್ನು ಕೂಡಿಸಿದರೆ ಸೀಸೆಯ ನೀರು ಬರಲೇಬೇಕು, ಇದು ವಿಜ್ಞಾನ. ಅವನು ಜೇಬಿನಿಂದ ಪುಸ್ತಕ ತೆಗೆದು, ಕಿವಿಯ ಸಂದಿನ ಪೆನ್ಸಿಲ್ ಹಿಡಿದು, ಬೀದಿಯ ಒಂದು ತುದಿಯಿಂದ ಆರಂಭಿಸಿದ.

ಚಿಕ್ಕಕ್ಕ ಒಳಲೆಯನ್ನೇ ತಂದು ತೋರಿಸಿದಳು. ಎರಡನೆಯ ಮನೆಯವರು ಯೋಚಿಸಿ ಹೇಳಿದರು. ಮೂರನೆಯ ಮನೆ ರಂಗಕ್ಕನದು. "ಚೊಂಬು ಹಿಡ್ಕಂಡು ಹೋಗಿದ್ದು ದಿಟ," ಎಂದಳು ರಂಗಕ್ಕ. "ಅದ್ರ ತಳಕ್ಕೆ ಮೂರು ತೊಟ್ಟು ಬಿಟ್ಲು. ಕದರಮ್ಮನ ಕೈ ನಿಂಗೊತ್ತಿಲ್ಲ." ಹಾಗೆ ಹೇಳಿ, ಅವನು ಬರೆದುಕೊಳ್ಳುತ್ತಿರುವುದನ್ನು ಓರೆಗಣ್ಣಿನಿಂದ ನೋಡಿದಳು. "ಯಾಕ್ ಸಾಮಿ ಬರ್ಕಂತೀರಾ?"

"ಸರ್ಕಾರಕ್ಕೆ ಲೆಕ್ಕ ಕೊಡಬೇಕಮ್ಮಾ."

ಆಡಿದ ಮೇಲೆ ಅವನಿಗೆ ತಪ್ಪಿನ ಅರಿವಾಯಿತು. ಅಷ್ಟರಲ್ಲಿ ರಂಗಕ್ಕ ಹಿತ್ತಿಲ ಬಾಗಿಲಿನಿಂದ ಹೊರಟುಹೋಗಿದ್ದಳು. ಅವನು ಮುಂಬಾಗಿಲುಗಳಲ್ಲಿ ನಡೆದಂತೆ ಸುದ್ದಿ ಹಿತ್ತಿಲುಗಳಲ್ಲಿ ಓಡಿತು: ಮಳೆ ನೀರಿಗೆ ಕಂದಾಯ ಬರುತ್ತದೆ, ಮೈಸೂರಿಂದ ಹುಕುಂ ಆಗಿದೆ, ಗುಮಾಸ್ತ ಬರೆದುಕೊಂಡು ಹೋಗುತ್ತಿದ್ದಾನೆ.

ಆರನೆಯ ಮನೆಯಲ್ಲಿ ನೀರು ಚೆಲ್ಲಿಹೋಗಿತ್ತು. ಒಂಬತ್ತನೆಯ ಮನೆಯವರು ಕದರಮ್ಮನೊಡನೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಹನ್ನೆರಡನೆಯ ಮನೆಯಲ್ಲಿ, ಸಾಲಾಗಿ ಜೋಡಿಸಿದ್ದ ಮೊಸರು ಕುಡಿಕೆಗಳ ಮುಂದೆ ಸೆರಗು ಹರಡಿ ನಿಂತ ಹೆಂಗಸು, "ನಮ್ಮ ವಂಶದಾಗೇ ಮೊಸ್ರು ತಿನ್ನಕಿಲ್ಲ," ಎಂದಳು. ಕೊನೆಯ ಮನೆಯ ದೊಡ್ಡರಂಗಪ್ಪ ಬಾಗಿಲಲ್ಲೇ ಕೈ ಮುಗಿದ.

"ನಮ್ಮನೆ ಮ್ಯಾಗೆ ಮಳೇನೇ ಬೀಳ್ನಿಲ್ಲ ಸಾಮಿ."

ಆ ಮನೆಯ ಹೆಂಚಿನಿಂದ ಒಂದು ದಪ್ಪ ಹನಿ ಕಾಡಸಿದ್ದಪ್ಪನ ಬಿ.ಎಸ್ಸಿ. ನೆತ್ತಿಯ ಮೇಲೆ ಬಿತ್ತು.

ಹತ್ತೂಮುಕ್ಕಾಲಿಗೆ ಅವನು ಕಛೇರಿಯ ಮೂಲೆಯಲ್ಲಿ ಕೂಡಿ ಕಳೆದ. ಕದರಮ್ಮನ ಮಾತಿನ ಪ್ರಕಾರ ಎರಡು ಅಂಗುಲ ಮೂವತ್ತು ಸೆಂಟು ಮಳೆಯಾಗಿತ್ತು. ಬೀದಿಯವರ ಮಾತಿನ ಪ್ರಕಾರ ಹತ್ತೊಂಬತ್ತು ಸೆಂಟು. ಇವೆರಡರ ನಡುವೆ ಸತ್ಯ ಎಲ್ಲಿಯೋ ಹೆಪ್ಪುಗಟ್ಟುತ್ತಿತ್ತು.

ಆಗ ಅವನಿಗೆ ಕಾಲೇಜಿನ ಪ್ರಯೋಗಶಾಲೆ ನೆನಪಾಯಿತು. ಪ್ರಯೋಗ ಕೈಕೊಟ್ಟ ದಿನ ಅಂಕಿಗಳನ್ನು ಮನಸ್ಸಿನಲ್ಲೇ ಬೇಯಿಸಿ ಬಡಿಸುವುದು ಅಲ್ಲಿ ಪರಂಪರೆಯಿಂದ ಬಂದ ವಿದ್ಯೆ. ಅದರ ಮೊದಲ ಸೂತ್ರವೆಂದರೆ, ಗುಂಡಾದ ಅಂಕಿ ಬರೆಯಬಾರದು. ಒಂದೂವರೆ ಎಂದವನು ಸಿಕ್ಕಿಬೀಳುತ್ತಾನೆ. ಸೊಟ್ಟ ಅಂಕಿಯನ್ನು ಯಾರೂ ಅನುಮಾನಿಸುವುದಿಲ್ಲ. ಅವನು ಕಣ್ಣು ಮುಚ್ಚಿ ರಿಜಿಸ್ಟರಿನಲ್ಲಿ ಬರೆದ: ಒಂದು ಅಂಗುಲ ನಲವತ್ತಮೂರು ಸೆಂಟು.

ಹನ್ನೊಂದಕ್ಕೆ ಇನ್‌ಸ್ಪೆಕ್ಟರ್ ಗಂಗಾಧರಯ್ಯನವರು ಬಂದರು. ದುಂಡನೆಯ ಮೈ, ಇಸ್ತ್ರಿಯ ಕೋಟು, ಕೆನ್ನೆಯ ಮೇಲೆ ದಿಂಬಿನ ಗೆರೆ. ವೆಂಕಟರಾಮಯ್ಯನವರು ಎದ್ದು ಕುರ್ಚಿ ಕೊಟ್ಟರು.

"ತಮ್ಮ ಅಳತೆ ಎಷ್ಟು ಬಂತು ಸ್ವಾಮಿ?" ಎಂದು ಶಿರಸ್ತೇದಾರರು ಕೇಳಿದರು.

"ಮೊದಲು ಹುಡುಗನದು ಆಗಲಿ," ಎಂದರು ಇನ್‌ಸ್ಪೆಕ್ಟರು. "ಹೇಳಪ್ಪಾ."

ಕಾಡಸಿದ್ದಪ್ಪ ರಿಜಿಸ್ಟರು ತೆರೆದ. "ಒಂದು ಅಂಗುಲ... ನಲವತ್ತಮೂರು ಸೆಂಟು ಸಾರ್."

ಗಂಗಾಧರಯ್ಯನವರು ಜೇಬಿನ ಪುಸ್ತಕ ತೆರೆದರು. ಅದನ್ನು ಮೂಗಿನ ಹತ್ತಿರ ಹಿಡಿದು ಒಂದು ಕ್ಷಣ ನೋಡಿದರು. ಗೋಡೆಯ ಗಡಿಯಾರದ ಟಿಕಟಿಕ ಕಾಡಸಿದ್ದಪ್ಪನಿಗೆ ಕೊಡಲಿ ಏಟಿನಂತೆ ಕೇಳಿಸಿತು.

"ಒಂದು ಅಂಗುಲ ನಲವತ್ತಮೂರು," ಎಂದರು ಅವರು ನಿಧಾನವಾಗಿ. "ಒಂದು ಸೆಂಟೂ ವ್ಯತ್ಯಾಸವಿಲ್ಲ. ನನ್ನ ಹದಿನಾಲ್ಕು ವರ್ಷದ ಸರ್ವಿಸಿನಲ್ಲಿ ಇಂಥದು ಕಂಡಿಲ್ಲ."

ವೆಂಕಟರಾಮಯ್ಯನವರು ಆ ಕ್ಷಣವೇ ಕಾಗದ ಎಳೆದುಕೊಂಡು ಎರಡು ಸಾಲು ಬರೆದು ರುಜು ಹಾಕಿದರು. ಕೆಲಸ ಕಾಯಂ ಆಯಿತು. ಪಾಲಪ್ಪ ಬಾಗಿಲ ಸಂದಿಯಿಂದ ಅವನನ್ನು ಪವಾಡ ಪುರುಷನನ್ನು ಕಂಡಂತೆ ನೋಡಿದ.

ಆದರೆ ಪವಾಡ ಪುರುಷನಿಗೆ ಮಧ್ಯಾಹ್ನದ ಮುದ್ದೆ ಇಳಿಯಲಿಲ್ಲ. ಬಾಯಿಗೆ ಬಂದಂತೆ ಬರೆದ ಸುಳ್ಳು ಆಕಾಶದಿಂದ ಬಿದ್ದ ಸತ್ಯದೊಡನೆ ಸೆಂಟಿಗೆ ಸೆಂಟು ಹೊಂದುವುದೆಂದರೇನು? ತನ್ನಲ್ಲಿ ಏನಾದರೂ ದಿವ್ಯ ಶಕ್ತಿ ಇದೆಯೆ? ಇದ್ದರೆ ಬಿ.ಎಸ್ಸಿ. ಪರೀಕ್ಷೆಯಲ್ಲಿ ಅದು ಎಲ್ಲಿ ಹೋಗಿತ್ತು? ಕುತೂಹಲವು ಇರುವೆಯಂತೆ ಅವನ ಅಂಗಿಯೊಳಗೆ ಹರಿದಾಡತೊಡಗಿತು. ರಿಜಿಸ್ಟರಿಗೆ ಇನ್‌ಸ್ಪೆಕ್ಟರ ರುಜು ಹಾಕಿಸಿಕೊಂಡು ಬಾ ಎಂದು ಶಿರಸ್ತೇದಾರರು ಹೇಳಿದ್ದೇ ತಡ, ಅವನು ಬಂಗಲೆಗೆ ನಡೆದ.

ಇನ್‌ಸ್ಪೆಕ್ಟರ ಯಂತ್ರವನ್ನು ಒಮ್ಮೆ ಕಣ್ಣಾರೆ ನೋಡಬೇಕು. ಅವನು ಬಂಗಲೆಯ ಮುಂದಿನ ಬಯಲು ನೋಡಿದ, ಇರಲಿಲ್ಲ. ಹಿತ್ತಿಲು ನೋಡಿದ, ಅಲ್ಲಿ ಒಂದು ಆಡು ಮಾತ್ರ ಮೇಯುತ್ತಿತ್ತು. ವರಾಂಡದ ಮೂಲೆಯಲ್ಲಿ ಮರದ ಪೆಟ್ಟಿಗೆಯೊಂದಿತ್ತು. ಸುತ್ತ ಕಬ್ಬಿಣದ ಪಟ್ಟಿ, ನಾಲ್ಕು ಕಡೆ ಮೊಳೆ, ಮೇಲೆ ಬೆಂಗಳೂರಿನಲ್ಲಿ ಒತ್ತಿದ ಅರಗಿನ ಮುದ್ರೆ. ಸಂದಿಯಲ್ಲಿ ಒಣ ಹುಲ್ಲು, ಹುಲ್ಲಿನ ನಡುವೆ ತಾಮ್ರದ ಹೊಳಪು. ಮುದ್ರೆ ಒಡೆದಿರಲಿಲ್ಲ.

"ನೋಡಿದಿರಾ?"

ಕಾಡಸಿದ್ದಪ್ಪ ಬೆಚ್ಚಿ ತಿರುಗಿದ. ಗಂಗಾಧರಯ್ಯನವರು ಬಾಗಿಲಲ್ಲಿ ನಿಂತು ಆಕಳಿಸುತ್ತಿದ್ದರು.

"ಬಸ್ಸಿನಲ್ಲಿ ಮೈ ನುಗ್ಗಾಗಿತ್ತು. ಆ ಮಳೆಯಲ್ಲಿ ಯಾರು ಇದನ್ನು ಬಿಚ್ಚುತ್ತಾರೆ, ಯಾರು ನೆಡುತ್ತಾರೆ? ಕಣ್ಣು ಬಿಟ್ಟಾಗ ಹತ್ತೂವರೆ." ಅವರು ಕುರ್ಚಿಯಲ್ಲಿ ಕುಳಿತು ರಿಜಿಸ್ಟರಿಗೆ ಕೈ ಚಾಚಿದರು. "ನಿಮ್ಮ ಅಂಕಿ ನಿಜ ತಾನೆ?"

ಕಾಡಸಿದ್ದಪ್ಪ ತಲೆ ತಗ್ಗಿಸಿದ. ಗಂಗಾಧರಯ್ಯನವರು ಕೈ ಅಡ್ಡ ಮಾಡಿದರು.

"ಬೇಡ, ಹೇಳಬೇಡಿ. ನಿಮ್ಮದು ಸುಳ್ಳಾದರೆ ನನ್ನದೂ ಸುಳ್ಳು. ಆದ್ದರಿಂದ ನಿಮ್ಮದು ನಿಜ." ಅವರು ರುಜು ಹಾಕಿ, ಮೇಜಿನಿಂದ ಒಂದು ಹಾಳೆ ತೆಗೆದರು. "ನಿಮ್ಮ ಮೇಲೆ ಒಳ್ಳೆಯ ವರದಿ ಬರೆದಿದ್ದೇನೆ, ಕೇಳಿ. 'ಇಷ್ಟು ನಿಖರವಾದ ವೀಕ್ಷಕರು ದೊರೆತಿರುವುದರಿಂದ, ಬಹುಕಾಲದಿಂದ ಆಳಿಲ್ಲದೆ ನಿಂತುಹೋಗಿದ್ದ ಯೋಜನೆಯಂತೆ, ಮಧುಗಿರಿ ಬೆಟ್ಟದ ತುದಿಯಲ್ಲಿ ಎರಡನೆಯ ಮಳೆಮಾಪಕವನ್ನು ಸ್ಥಾಪಿಸಿ, ಸದರಿ ಕಾಡಸಿದ್ದಪ್ಪನವರ ವಶಕ್ಕೆ ಒಪ್ಪಿಸಲಾಗಿದೆ.'"

ಕಾಡಸಿದ್ದಪ್ಪ ಕತ್ತೆತ್ತಿದ. ಬಂಗಲೆಯ ಮಾಡಿನಾಚೆ ಆ ಏಕಶಿಲೆಯ ಬೆಟ್ಟ ಆಕಾಶಕ್ಕೆ ಒರಗಿಕೊಂಡು ನಿಂತಿತ್ತು. ಕೋಟೆಯ ಮೇಲಿನ ಬುರುಜು ಕಾಣಬೇಕಾದರೆ ಟೋಪಿ ಬೀಳುವಷ್ಟು ತಲೆ ಹಿಂದಕ್ಕೆ ಬಾಗಿಸಬೇಕು.

"ಅಲ್ಲಿ... ಎಷ್ಟು ಹೊತ್ತಿಗೆ ಅಳೆಯಬೇಕು ಸಾರ್?"

"ಬೆಳಿಗ್ಗೆ ಎಂಟಕ್ಕೆ. ದಿನವೂ."

"ಕೆಳಗಿನದನ್ನು?"

"ಅದೂ ಎಂಟಕ್ಕೇ. ಇಲ್ಲದಿದ್ದರೆ ತಾಳೆ ನೋಡುವುದು ಹೇಗೆ?"

"ಹತ್ತುವುದಕ್ಕೇ ಎರಡು ಗಂಟೆ ಹಿಡಿಯುತ್ತದೆ ಸಾರ್. ಒಬ್ಬನೇ ಎರಡು ಕಡೆ, ಒಂದೇ ಹೊತ್ತಿನಲ್ಲಿ..."

"ಅದು ನಿಮಗೆ ಬಿಟ್ಟದ್ದು. ವಿಜ್ಞಾನ ಓದಿದವರು ನೀವು." ಗಂಗಾಧರಯ್ಯನವರು ಕೋಟು ತೊಟ್ಟು, ಬೆಂಗಳೂರಿನ ಬಸ್ಸಿಗೆ ಹೊತ್ತಾಯಿತೆಂದು ಮೆಟ್ಟಿಲಿಳಿದರು. ಇಷ್ಟು ಭಾರ ಹೊತ್ತು ಬಂದವರು ಹಗುರಾಗಿ ಹೊರಟ ಸಂತೋಷ ಅವರ ನಡಿಗೆಯಲ್ಲಿತ್ತು. ಗೇಟಿನ ಬಳಿ ನಿಂತು ಹಿಂತಿರುಗಿ ಕೂಗಿ ಹೇಳಿದರು:

"ಮೇಲಕ್ಕೆ ಒಯ್ಯುವಾಗ ಪೆಟ್ಟಿಗೆ ಜೋಪಾನ. ಇನ್ನೂ ಹೊಸದು, ಯಾರೂ ಮುಟ್ಟಿಲ್ಲ."