ಹಿತ್ತಲ ಬಾಗಿಲಿಂದ ಬಂದ ಕೀಲಿಮಣೆ

ಐವತ್ತು ದಾಟಿದ ಗಂಡಸಿಗೆ ಮನೆಯಲ್ಲಿ ಬೆಲೆ ಇಳಿಯುತ್ತದೆ ಎಂಬುದನ್ನು ನಾನು ಹೇಗೋ ಒಪ್ಪಿಕೊಂಡಿದ್ದೆ. ಆದರೆ ಹೊನ್ನಾವರದಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದ ಕಂಪ್ಯೂಟರೂ ನನ್ನ ಗುರುತು ಹಿಡಿಯದಿದ್ದರೆ ಹೇಗೆ?

ಅದಕ್ಕೆ ವಯಸ್ಸಾಗಿತ್ತು. ಒಂದಕ್ಷರ ಒತ್ತಿದರೆ ಪರದೆಯ ಮೇಲೆ ಮೂಡುವಷ್ಟರಲ್ಲಿ ನಮ್ಮ ಹಳದೀಪುರದ ಮೇಲೆ ಎರಡು ಕುಮಟಾ ಬಸ್ಸು ಹೋಗಿರುತ್ತಿದ್ದವು. ಅದರ ಹೊಟ್ಟೆಯಲ್ಲಿದ್ದವು ನನ್ನ ಇಪ್ಪತ್ತೇಳು ಹಾಸ್ಯಲೇಖನಗಳು. ಮುಂದಿನ ವಾರ ಪುಸ್ತಕವಾಗಲು ಅಚ್ಚಿಗೆ ಹೋಗಬೇಕಾದವು. ಹಾಗಾಗಿ ಭಾನುವಾರ ಸ್ನಾನ ಮುಗಿಸಿ, ಹೊಸ ಆಪರೇಟಿಂಗ್ ಸಿಸ್ಟಮ್ಮನ್ನು ಪ್ರತಿಷ್ಠಾಪಿಸುವ ಸಂಕಲ್ಪ ಮಾಡಿದೆ.

ಮಾಲಿನಿ (ಧರ್ಮಪತ್ನಿ) ನನ್ನ ಅಮ್ಮನ ಬಾಯಿಂದ ಕೇಳಿ ಟೈಪು ಮಾಡಿದ್ದ ನಾಟಿ ಹಾಡುಗಳನ್ನು ಮೊದಲೇ ಪೆನ್‌ಡ್ರೈವಿಗೆ ಇಳಿಸಿ, ಅದನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟಳು. ನಿಮ್ಮದನ್ನೂ ಹಾಕಲಾ ಎಂದು ಕೇಳಿದಳು.

"ನನ್ನ ಕೈಯಲ್ಲಿ ಒಂದಕ್ಷರವೂ ಹೋಗೂದಿಲ್ಲ" ಎಂದೆ.

"ಆತು" ಎಂದಳು. (ನಮ್ಮ ಕಡೆಯ ಹೆಂಗಸರ 'ಆತು'ವಿಗೆ ಒಪ್ಪಿಗೆ ಎಂಬುದು ಏಳನೆಯ ಅರ್ಥ.)

ಕೀಲಿಮಣೆಯ ವಯರನ್ನು ಪೆಟ್ಟಿಗೆಯ ಎದುರಿನ ತೂತಿಗೆ ಸಿಕ್ಕಿಸಿದೆ. ಹಿಂದೆಯೂ ತೂತುಗಳಿದ್ದವು. ಆದರೆ ಅಲ್ಲಿ ಜೇಡವೊಂದು ಸಂಸಾರ ಹೂಡಿತ್ತು. ನನ್ನ ಸೊಂಟವೂ ಅಷ್ಟು ಬಗ್ಗುವುದಿಲ್ಲ. ಕರಿ ಪರದೆಯ ಮೇಲೆ ಬಿಳಿ ಅಕ್ಷರ ಮೂಡಿತು: ಮುಂದುವರಿಯಲು ಎಂಟರ್ ಒತ್ತಿ. ಒತ್ತಿದೆ. ಗುದ್ದಿದೆ. ಕೊನೆಗೆ ಸವರಿದೆ. ಬಂದ ಉತ್ತರ: ಕೀಲಿಮಣೆಯ ಗುರುತು ಸಿಗಲಿಲ್ಲ. ಮೌಸ್ ಎಂಬ ಪ್ರಾಣಿ ಲೋಕದಲ್ಲಿದೆ ಎಂಬುದೇ ಆ ಪರದೆಗೆ ತಿಳಿದಿರಲಿಲ್ಲ.

ಮಾಲಿನಿ ಕಾಯಿ ಹೆರೆಯುವ ಮಣೆಯ ಮೇಲಿಂದಲೇ ಇಣುಕಿ, "ನನ್ನ ಮಣೆಗೆ ಯಾರ ಗುರುತೂ ಬೇಡ, ಕೂತ್ರೆ ಸಾಕು" ಎಂದಳು.

ಊಟವಾಯಿತು. ಕಡಲ ಗಾಳಿ ಕಿಟಕಿಯಿಂದ ಬಂದು ಕತ್ತು ಸವರುತ್ತಿತ್ತು. ಗೋಡೆಯ ಮೇಲೆ ತೆಂಗಿನ ಗರಿಯ ನೆರಳು ನಿಧಾನ ಗುಡಿಸುತ್ತಿತ್ತು. ಅಮ್ಮ ಹಿಂದಿನ ಜಗಲಿಯಲ್ಲಿ ಮೆಲ್ಲಗೆ ಏನೋ ಹಾಡಿಕೊಳ್ಳುತ್ತ ಬಸಳೆ ಸೋಸುತ್ತಿದ್ದಳು. ಎಂಟರಿನ ಮೇಲೆ ಬೆರಳಿಟ್ಟಂತೆಯೇ ನಾನು ತೇಲಿದೆ. ಕನಸಿನಲ್ಲಿ ಇಸ್ತ್ರಿ ಶರ್ಟು ಹಾಕಿ ನಮ್ಮ ಮನೆಯ ಎದುರು ಬಾಗಿಲಲ್ಲೇ ನಿಂತಿದ್ದೇನೆ. ಕದ ನೀರಿನಂತೆ ಅಲುಗುತ್ತಿದೆ. ಒಳಗಿನಿಂದ ಯಾರೋ ಕೇಳುತ್ತಾರೆ, ಯಾರು? ಮಾಬ್ಲೇಶ್ವರ, ಹಾಸ್ಯಸಾಹಿತಿ, ಎನ್ನುತ್ತೇನೆ. ಗುರುತು ಸಿಗಲಿಲ್ಲ, ಎನ್ನುತ್ತದೆ ಕದ.

ಅದನ್ನೇ ಬಡಬಡಿಸಿದೆನಂತೆ. ಅಮ್ಮ ಬಂದು ಎಬ್ಬಿಸಿದಳು. ಎಂತ ಗುರುತು, ಯಾರ ಗುರುತು ಎಂದು ವಿಚಾರಿಸಿದಳು. ವಿವರಿಸಿದೆ. ವಯರನ್ನು ಬೆರಳಲ್ಲಿ ಹಿಂಬಾಲಿಸಿ ಎದುರಿನ ತೂತಿಗೆ ಬಂದು ನಿಂತಳು.

"ಎದುರು ಬಾಗ್ಲಿಂದ ಬರೂದು ಯಾರು ತಮ್ಮಾ? ಮೀಟರ್ ನೋಡುವವ, ವೋಟು ಕೇಳುವವ. ನಮ್ಮ ಪಕ್ಕದ್ಮನೆ ದುರ್ಗ ಒಂದಿನ ಎದುರಿಂದ ಬಂದಿದ್ಳಾ? ಹಿತ್ಲಕಡೆಯಿಂದ ತಂದ್ರೆ ಗುರ್ತು ಸಿಗ್ತದೆ."

ಈ ಶತಮಾನದ ತಂತ್ರಜ್ಞಾನವನ್ನು ಬಸಳೆ ಸೋಸುವವರು ತಿದ್ದುವುದೇ? ಆದರೂ ಅಮ್ಮನ ಸಮಾಧಾನಕ್ಕೆಂದು ಜೇಡನ ಕ್ಷಮೆ ಕೇಳಿ, ಸೊಂಟದ ಶಾಪ ಕಟ್ಟಿಕೊಂಡು, ಹಿಂದಿನ ತೂತಿಗೆ ಸಿಕ್ಕಿಸಿದೆ. ಕೀಲಿಮಣೆಯ ಮೂಲೆಯಲ್ಲಿ ಹಸಿರು ದೀಪವೊಂದು ಮಿಂಚುಹುಳದಂತೆ ಕಣ್ಣು ಬಿಟ್ಟಿತು.

ಆ ಕ್ಷಣದ ಸುಖವನ್ನು ಏನೆಂದು ಹೇಳಲಿ! ಇಷ್ಟು ಹೊತ್ತು ಮುಖ ತಿರುಗಿಸಿದ್ದ ಯಂತ್ರ ಈಗ ಬೀಗರಂತೆ ಬಾಯ್ತುಂಬ ವಿಚಾರಿಸುತ್ತಿತ್ತು. ಭಾಷೆ ಯಾವುದು? ಊರು ಯಾವುದು? ಇದು ಸರಿಯೇ? ಅದು ಆದೀತೇ? ಬೀಗರ ಮನೆಯಲ್ಲಿ ಬಡಿಸಿದ್ದಕ್ಕೆ ಬೇಡ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಎಲ್ಲದಕ್ಕೂ ಹೌದು, ಹೌದು ಎಂದು ಒತ್ತುತ್ತ ಹೋದೆ. ಐದನೆಯ ಹೌದಿನ ಮೇಲೆ ಕಣ್ಣು ಹಾಯಿಸಿದಾಗ ಹೊತ್ತು ಮೀರಿತ್ತು. ಅದು ಕೇಳಿದ್ದು: ಡಿಸ್ಕಿನಲ್ಲಿರುವುದೆಲ್ಲವನ್ನೂ ಅಳಿಸಲೇ?

ಪರದೆ ಕಡಲಿನಂತೆ ನೀಲಿಯಾಯಿತು. ಇಪ್ಪತ್ತೇಳು ಲೇಖನಗಳು ಅದರಾಚೆ ಎಲ್ಲೋ ದೋಣಿಗಳಂತೆ ದಾಟಿಹೋದವು.

ಅಮ್ಮ ತನ್ನ ಹಾಡು ಬಾಯಲ್ಲೇ ಇದೆ, ನಿನ್ನದನ್ನೂ ನೆನಪು ಮಾಡಿ ಹೇಳು ಎಂದಳು. ಕಣ್ಣು ಮುಚ್ಚಿ ಯೋಚಿಸಿದೆ. ನಾನೇ ಬರೆದದ್ದರ ಒಂದು ಸಾಲೂ ಬರಲಿಲ್ಲ.

ಮಾಲಿನಿ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತಳು. ಬೈಯಲಿಲ್ಲ.

"ಹೆದ್ರಬೇಡಿ. ಒಂದೊಂದನ್ನೂ ಊಟದ ಹೊತ್ತಿಗೆ ಮೂರ್ಮೂರು ಸಲ ಓದಿ ಹೇಳಿದ್ರಿ. ಇಪ್ಪತ್ತೇಳೂ ನನ್ನ ತಲೆಯಲ್ಲಿ ಉಂಟು, ಬರ್ಕೊಳ್ಳಿ."

ನನ್ನ ಕಣ್ಣು ತುಂಬಿತು. ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡೆ. ಅವಳು ಅದನ್ನೊಮ್ಮೆ ಈ ತುದಿಯಿಂದ ಆ ತುದಿಯವರೆಗೆ ನೋಡಿ ಕೇಳಿದಳು:

"ಬರ್ದಾದ ಮೇಲೆ, ನನ್ನ ತಲೆಯಿಂದ ಅಳ್ಸೂಕೆ ಯಾವ್ದು ಒತ್ಬೇಕು?"