ಹಾಲವ್ವನ ಕೆಂಪು ಒಂಬತ್ತು

ಕಿಟಕಿಯೊಳಗೆ ಕುಳಿತವನು ಹುಬ್ಬು ಗಂಟಿಕ್ಕಿಕೊಂಡಿದ್ದರೆ ಸಾಕು, ಅವನು ನಿಮ್ಮ ಕೆಲಸವನ್ನೇ ಮಾಡುತ್ತಿದ್ದಾನೆಂದು ನಂಬಿ ಹೊರಗೆ ಬಿಸಿಲಿನಲ್ಲಿ ಕೈಕಟ್ಟಿ ನಿಲ್ಲುವುದನ್ನು ನಿಮಗೆ ಯಾವ ಗುರುಗಳು ಕಲಿಸಿದರು? ನಾಚಿಕೆಯಾಗಬೇಕಾದದ್ದು ಒಳಗೆ ಕುಳಿತವನಿಗೆ ಮಾತ್ರವಲ್ಲ. ನೀವು ಹಾಗೆ ನಿಂತದ್ದರಿಂದಲೇ ದುಂಡೇಶನಂಥವರು ಹುಬ್ಬು ಗಂಟಿಕ್ಕುವ ವಿದ್ಯೆಯಲ್ಲಿ ಪಾರಂಗತರಾದರು.

ದುಂಡೇಶ ಮುಧೋಳದವನು. ಲೋಕಾಪುರದ ದಾರಿಯಲ್ಲಿರುವ ಒಂದು ಸಕ್ಕರೆ ಕಾರ್ಖಾನೆಯ ಕಬ್ಬು ವಿಭಾಗದಲ್ಲಿ ಕಂಪ್ಯೂಟರ್ ಕಾರಕೂನ. ಕಾರ್ಖಾನೆಯ ಹೆಸರು ಬೇಡ. ಹೆಸರು ಹೇಳಿದರೆ ಅದರ ಚಿಮಣಿಯ ಹೊಗೆಯೂ ಮುನಿಸಿಕೊಂಡೀತು. ಯಾವ ರೈತನ ಕಬ್ಬನ್ನು ಯಾವ ದಿನ ಕಡಿಯಬೇಕೆಂಬ ಪಾಳಿಪಟ್ಟಿಯನ್ನು ಟೈಪು ಮಾಡುವುದು ಅವನ ಉದ್ಯೋಗ. ಪಟ್ಟಿಯನ್ನು ನಿರ್ಣಯಿಸುವುದು ಅವನ ಉದ್ಯೋಗವಲ್ಲ. ಅದು ಕಬ್ಬು ಅಧಿಕಾರಿ ಚನಮಲ್ಲಪ್ಪ ಸಾಹೇಬರ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಫೋನನ್ನು ಕಿವಿಗಿಟ್ಟುಕೊಂಡು ನಡೆಯುವ ಕಾರ್ಯ. ದೊಡ್ಡವರ ಫೋನುಗಳು ಮುಗಿಯುವವರೆಗೆ ಪಟ್ಟಿ ಹೊರಗೆ ಬರುವುದಿಲ್ಲ; ಪಟ್ಟಿ ಬರುವವರೆಗೆ ದುಂಡೇಶನಿಗೆ ಕೆಲಸವಿಲ್ಲ; ಕೆಲಸವಿಲ್ಲದ ಕೈಗೆ ಇಸ್ಪೀಟು.

ಹಿಂದೆ ಅವನು ಬಣ್ಣಬಣ್ಣದ ಎಲೆಗಳಿರುವ ಆಟವನ್ನೇ ಆಡುತ್ತಿದ್ದ. ಸಾಹೇಬರು ಒಮ್ಮೆ ಹಿಂದಿನಿಂದ ಬಂದು ಹಿಡಿದರು. "ಲೇ ದುಂಡ್ಯಾ, ಇನ್ನೊಮ್ಮಿ ಆಡಿದ್ದ ಕಂಡ್ನೆಂದ್ರ ಸಿಪ್ಪಿ ರಾಶಿಗೆ ಹಾಕತೀನಿ" ಎಂದರು. ಕಬ್ಬಿನ ಸಿಪ್ಪೆ ಬೆಟ್ಟದಂತೆ ಬಿದ್ದಿರುವ ಆ ಅಂಗಳಕ್ಕೆ ವರ್ಗವಾದವನು ದೂಳಿಗೆ ಮೈ ಕೆರೆದುಕೊಳ್ಳುತ್ತಲೇ ನಿವೃತ್ತನಾಗುತ್ತಾನೆಂಬುದು ಕಾರ್ಖಾನೆಯ ಅನುಭವ. ದುಂಡೇಶ ಆಟ ಬಿಟ್ಟನೆ? ಇಲ್ಲ, ವೇಷ ಬದಲಿಸಿದ. ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಬರೀ ಅಕ್ಷರ, ಅಂಕಿಗಳಲ್ಲಿ ಆಡುವ ಒಂಟಿ ಇಸ್ಪೀಟನ್ನು ಹುಡುಕಿ ತಂದ. ಅಲ್ಲಿ ರಾಜನ ಮೀಸೆಯಿಲ್ಲ, ರಾಣಿಯ ಕೈಯಲ್ಲಿ ಹೂವಿಲ್ಲ. ಏಳು ಸಾಲು, ಕೆಂಪು ಮತ್ತು ಬಿಳುಪಿನ ಅಂಕಿಗಳು, ಮಗುಚಿಟ್ಟ ಎಲೆಗಳ ಜಾಗದಲ್ಲಿ ಚುಕ್ಕಿಗಳು. ಇಲಿಯಂಥ ಮೌಸೂ ಬೇಡ, ಕೀಲಿ ಒತ್ತಿದರಾಯಿತು. ದೂರದಿಂದ ನೋಡಿದವರಿಗೆ ಅದು ಉಪಗ್ರಹ ಹಾರಿಸುವವರ ಲೆಕ್ಕದಂತೆ ಕಾಣುತ್ತಿತ್ತು.

ಆದರೆ ಈ ದಿನ ಬೆಳಿಗ್ಗೆ ಅವನ ಹುಬ್ಬಿನ ಗಂಟು ಅರ್ಧಕ್ಕರ್ಧ ನಿಜವಾದದ್ದು. ಕಾರಣ, ಅತ್ತೆ ಹಾಲವ್ವ. ಚಿಮ್ಮಡದ ಹಾಲವ್ವ ಗಂಡ ತೀರಿದ ಮೇಲೆ ಹೊಲವನ್ನು ತಾನೇ ಮಾಡಿಸುವ ಗಟ್ಟಿ ಹೆಂಗಸು. ಹಿಂದಿನ ವರ್ಷ ಕಡಿದ ಬುಡದಿಂದಲೇ ಚಿಗುರಿದ ಆಕೆಯ ಕುಳೆ ಕಬ್ಬು ಅವಧಿ ಮೀರಿ ಹೂ ಬಿಟ್ಟು ನಿಂತಿತ್ತು; ದಿನ ಕಳೆದಂತೆ ಒಣಗಿ ತೂಕ ಕಳೆದುಕೊಳ್ಳುತ್ತಿತ್ತು. ಸರದಿಯ ಸಂಖ್ಯೆ ಒಂಬತ್ತು. ಆ ಒಂಬತ್ತು ಬಾರದೆ ಹತ್ತು ಹನ್ನೊಂದು ಎಲ್ಲ ಹೋಗಿದ್ದವು. "ಕಟಾವಿನ ಚೀಟಿ ಕೈಗೆ ಬರೂಮಟ ಹೊಳ್ಳಿ ಹೋಗಂಗಿಲ್ಲ" ಎಂದು ಆಕೆ ಮಗಳ ಮನೆಗೆ ಬಂದು ಕುಳಿತು, ಅಳಿಯನ ಮಂಚ, ಅಳಿಯನ ಫ್ಯಾನು, ಅಳಿಯನ ಮಾನ ಮೂರನ್ನೂ ವಶಪಡಿಸಿಕೊಂಡಿದ್ದಳು.

"ಅಳಿಯಾಂದ್ರ, ಇಷ್ಟ ದೊಡ್ಡ ಫ್ಯಾಕ್ಟರ್ಯಾಗ ಕುಂತೀರಿ. ಒಂದ ಚೀಟಿ ತರಾಕ ಆಗಂಗಿಲ್ಲಂದ್ರ ಅಲ್ಲೇನ ಕಾಗಿ ಓಡಸ್ತೀರೇನ್ರಿ?" ಎಂದು ರೊಟ್ಟಿ ಬಡಿಯುತ್ತಲೇ ಕೇಳಿದ್ದಳು.

"ಇವತ್ತ ಖರೇನ ಬರತೈತಿ ಅತ್ತಿ. ಸಾಹೇಬ್ರಿಗೆ ಹೇಳೀನಿ."

"ಬರದಿದ್ರ?"

ದುಂಡೇಶ ಚಪ್ಪಲಿ ಮೆಟ್ಟಿಕೊಂಡ. ಹೆಂಡತಿ ವೈಶಾಲಿ, "ಬರದಿದ್ರ ಅವ್ವ ಹೋಳಿ ಹುಣ್ಣಿಮಿ ಇಲ್ಲೇ ಮಾಡ್ತಾಳ್ರಿ" ಎಂದು ಉತ್ತರ ತುಂಬಿದಳು.

ಸಾಹೇಬರಿಗೆ ಹೇಳಿದ್ದು ಸುಳ್ಳಲ್ಲ. ನ್ಯಾಯವಾಗಿ ಸಿಗಬೇಕಾದದ್ದನ್ನೂ ಕೈಮುಗಿದು ಬೇಡಬೇಕಾದ ಕಾಲವಿದು. ದುಂಡೇಶ ಹಿಂದಿನ ದಿನ ಸಾಹೇಬರ ಮುಂದೆ ನಿಂತು ಬೇಡಿದ್ದ. ಅವರು ಹಲ್ಲುಕಡ್ಡಿ ತೆಗೆಯದೆ "ನೋಡೂಣು" ಎಂದಿದ್ದರು. ಆ ಒಂದು ಶಬ್ದವನ್ನು ನಂಬಿ ಅವನು ಪಟ್ಟಿಗಾಗಿ ಕಾಯುತ್ತ, ಕಪ್ಪು ಪರದೆ ತೆರೆದು, ಎಲೆ ಹಂಚಿದ.

ಇತ್ತ ಆ ವಾರವೇ ಕಾರ್ಖಾನೆಯ ಅಧ್ಯಕ್ಷರಿಗೆ ಪಾರದರ್ಶಕತೆಯ ಹುಚ್ಚು ಹಿಡಿದಿತ್ತು. ರೈತರಿಗೆ ಪಾಳಿಪಟ್ಟಿ ಕಾಣಲೆಂದು ಹೊರಗಿನ ಬೇವಿನ ಮರದ ಎದುರಿನ ಗೋಡೆಗೆ ಬಾಗಿಲಷ್ಟು ದೊಡ್ಡ ಟಿವಿ ತೂಗುಹಾಕಿಸಿದ್ದರು. ದುಂಡೇಶನ ಕಂಪ್ಯೂಟರಿನಿಂದ ಅದಕ್ಕೆ ವೈರು ಜೋಡಿಸುವ ಕೆಲಸ ಜವಾನ ಹುಲೆಪ್ಪನದು. ಪಟ್ಟಿ ಬಂದ ಮೇಲೆ ಜೋಡಿಸೆಂದರೆ ಅವನು ಬೆಳಿಗ್ಗೆಯೇ ಜೋಡಿಸಿ, ಯಾರಿಗೂ ಹೇಳದೆ ಚಹಾಕ್ಕೆ ಹೋದ.

ದುಂಡೇಶ ಕಪ್ಪು ಎಂಟನ್ನು, ಅಂದರೆ ಆ ಪರದೆಯ ಬಿಳಿ ಎಂಟನ್ನು, ಕೆಂಪು ಒಂಬತ್ತಿನ ಕೆಳಗೆ ಸರಿಸಿದ. ಹೊರಗೆ "ಹೋ!" ಎಂಬ ಕೂಗೆದ್ದಿತು. ಯಾವುದೋ ಟ್ರ್ಯಾಕ್ಟರು ಕೆಸರಿಗೆ ಸಿಕ್ಕಿರಬೇಕೆಂದುಕೊಂಡು ಅವನು ಇನ್ನೊಂದು ಎಲೆ ಸರಿಸಿದ. ಮತ್ತೊಂದು "ಹೋ!". ಇವನು ಕೀಲಿ ಒತ್ತಿದಾಗಲೆಲ್ಲ ಟ್ರ್ಯಾಕ್ಟರು ಸಿಗುವುದೆಂದರೆ ಹೇಗೆ?

ಬೇವಿನ ಕೆಳಗೆ ಸೇರಿದ್ದ ರೈತರು ಟಿವಿಯನ್ನು ತಮ್ಮ ಬುದ್ಧಿಗೆ ತಕ್ಕಂತೆ ಓದುತ್ತಿದ್ದರು. ಕೆಂಪು ಅಂಕಿ ಕುಳೆ ಕಬ್ಬಿನದು, ಬಿಳಿಯದು ಹೊಸ ನಾಟಿಯದು ಎಂದು ಒಬ್ಬ ವ್ಯಾಖ್ಯಾನಿಸಿದ, ಎಲ್ಲರೂ ಒಪ್ಪಿದರು. ಒಂದೇ ಅಂಕಿ ನಾಲ್ಕು ಕಡೆ ಇದೆಯಲ್ಲ? ನಾಲ್ಕು ಹೋಬಳಿಗೆ ನಾಲ್ಕು ಪಾಳಿ. ಅಂಕಿಯ ಪಕ್ಕದ ಇಂಗ್ಲಿಷ್ ಅಕ್ಷರ ಯಾವ ಹೋಬಳಿಯದೆಂದು ತಿಳಿಯದ್ದರಿಂದ ಪ್ರತಿಯೊಬ್ಬನೂ ಮುಂದಿದ್ದ ಅಂಕಿಯನ್ನೇ ತನ್ನದೆಂದ. ಓದಲು ಬಾರದ ಪಟ್ಟಿಯನ್ನು ಇಷ್ಟು ಶ್ರದ್ಧೆಯಿಂದ ಓದುವ ಜನ ಲೋಕದಲ್ಲಿ ಬೇರೆಲ್ಲಿದ್ದಾರೆ!

ಮೊದಲು ಕಿಟಕಿಗೆ ನುಗ್ಗಿದವನು ಲೋಕಾಪುರದ ಅಪ್ಪಾಸಾಬ. "ಏ ಕಾರಕೂನ! ನನ್ನ ಎಂಟನ್ನ ಆ ಒಂಬತ್ತಿನ ಕೆಳಗ ಯಾಕ ಹಾಕಿದಿ? ಎಂಟ ಮೊದಲೋ ಒಂಬತ್ತ ಮೊದಲೋ? ಸಾಲಿ ಕಲತೀಯೋ ಇಲ್ಲೋ?"

ದುಂಡೇಶನಿಗೆ ಅರ್ಥವಾಗಲಿಲ್ಲ. ಅಪ್ಪಾಸಾಬನ ತೋಳಿನ ಆಚೆ ಅವನ ಕಣ್ಣು ಹೋಯಿತು. ಗೋಡೆಯ ಮೇಲೆ, ಬಾಗಿಲಷ್ಟು ದೊಡ್ಡದಾಗಿ, ಅವನ ಒಂಟಿ ಇಸ್ಪೀಟು ಊರಿಗೆಲ್ಲ ದರ್ಶನ ಕೊಡುತ್ತಿತ್ತು. ಸಂತೆಯಲ್ಲಿ ಧೋತರ ಕಳಚಿದವನ ಹಾಗೆ ಅವನ ಮೈ ತಣ್ಣಗಾಯಿತು.

ಚಹಾ ಕುಡಿದು ಬಂದ ಹುಲೆಪ್ಪನನ್ನು ಹಿಡಿದು ಪಿಸುಗುಟ್ಟಿದ: "ವೈರ್ ಹಚ್ಚೀದ್ದ ಹೇಳಬಾರದೇನಲೇ?"

"ಹೇಳಾಕ ಬಂದಿದ್ನಿರಿ ಸರ. ನೀವು ಹುಬ್ಬ ಗಂಟ ಹಾಕ್ಕೊಂಡು ಭಾಳ ಕೆಲಸದಾಗ ಇದ್ರಿ. ತ್ರಾಸ ಕೊಡೂದ ಬ್ಯಾಡ ಅಂತ ಹೋದ್ನಿ."

ಪರದೆ ಮುಚ್ಚಿಬಿಡೋಣವೆಂದು ದುಂಡೇಶ ಕೈ ಚಾಚಿದ. "ಮುಚ್ಚಿ ನೋಡು!" ಎಂದು ಹತ್ತು ಕಂಠಗಳು ಗರ್ಜಿಸಿದವು. "ನಾವ ನೋಡೂಮಟ ಒಂದ ಪಟ್ಟಿ, ನಾವ ಹೋದ ಮ್ಯಾಲೆ ಒಂದ ಪಟ್ಟಿ ಏನು?" ಇಸ್ಪೀಟೆಂದು ಒಪ್ಪಿಕೊಂಡರೆ ಸಿಪ್ಪೆಯ ರಾಶಿ, ಮುಚ್ಚಿದರೆ ಜನರ ಕೈಯ ಪೆಟ್ಟು. ಉಳಿದದ್ದು ಒಂದೇ ಮಾರ್ಗ, ಆಡುವುದು. ಅವನು ಹುಬ್ಬನ್ನು ಇನ್ನಷ್ಟು ಗಂಟಿಕ್ಕಿ ಆಡಿದ.

ಆಡಿದಷ್ಟೂ ಕೇಡು. ಒಂದು ಸಾಲು ಖಾಲಿಯಾಯಿತು. ಖಾಲಿ ಸಾಲಿಗೆ ರಾಜನನ್ನಲ್ಲದೆ ಬೇರಾರನ್ನೂ ಕೂರಿಸಕೂಡದೆಂಬುದು ಆಟದ ನಿಯಮ. ದುಂಡೇಶ ಕೆ ಅಕ್ಷರದ ರಾಜನನ್ನು ತಂದು ಕೂರಿಸಿದ.

"ನೋಡ್ರೋ! ನೋಡ್ರಿ!" ಅಪ್ಪಾಸಾಬ ಕುಣಿದ. "ಜಾಗಾ ಖಾಲಿ ಆದಕೂಡ್ಲೆ ನಂಬರ ಇಲ್ಲದಾಂವನ್ನ ತಂದ ಕೂಡ್ಸಿದ! ಯಾರಂವ? ಯಾವ ಡೈರೆಕ್ಟರನ ಬೀಗ?"

"ಆ ಚುಕ್ಕಿ ಹಾಕಿ ಮುಚ್ಚಿಟ್ಟೀಯಲ್ಲ, ಅದರಾಗ ಯಾರ್ಯಾರ ಹೆಸರ ಅದಾವು? ತಗಿ ಹೊರಗ!" ಎಂದು ಇನ್ನೊಬ್ಬ ಒದರಿದ.

"ತಗೀಬೇಕಂದ್ರ ಮ್ಯಾಲಿಂದ ಸರೀಬೇಕ್ರಿ" ಎಂದ ದುಂಡೇಶ ಕ್ಷೀಣವಾಗಿ. ತನ್ನ ಜೀವನದಲ್ಲಿ ಅವನು ಆಡಳಿತದ ಬಗ್ಗೆ ಆಡಿದ ಏಕೈಕ ಸತ್ಯವಾಕ್ಯ ಅದು.

ಅಷ್ಟರಲ್ಲಿ ಗುಂಪನ್ನು ಮೊಣಕೈಯಿಂದ ಸೀಳಿಕೊಂಡು ಹಾಲವ್ವ ಬಂದಳು. ಅಳಿಯನ ಮಾತನ್ನು ನಂಬಿ ಮನೆಯಲ್ಲಿ ಕೂರುವ ಹೆಣ್ಣು ಆಕೆಯಲ್ಲ. ಟಿವಿ ನೋಡಿದಳು, ಕೆಂಪು ಒಂಬತ್ತನ್ನು ಕಂಡಳು.

"ಅದು ನಂದು! ಕೆಂಪ ಒಂಬತ್ತು, ಕುಳೆ ಕಬ್ಬು! ಅಳಿಯಾಂದ್ರ, ಅದಕ್ಕ ಜೋತ ಬಿದ್ದಾಂವ ಯಾಂವರಿ?"

"ನಾ ಜೋತ ಬಿದ್ದೇನಿ" ಎಂದ ಅಪ್ಪಾಸಾಬ. "ಅಂದ್ರ ಕಾರಕೂನ ನಿನ್ನ ಅಳಿಯಾ ಏನ್ಬೇ? ಕೇಳಿದ್ರೇನ್ರೋ? ಅಳಿಯಾ ಕುಂತಾನ, ಅತ್ತಿ ಬಂದಾಳ. ಇನ್ನ ನಮ್ಮ ಕಬ್ಬ ಒಲಿಗೆ ಹಾಕೂದ!"

"ಅಳಿಯಾ ಆದ್ರೇನು, ನಂದು ಪಾಳಿ ನಂಬರ ಐತಿ. ನಿನ್ನಂಗ ಹೆಣ್ಣಮಗಳಿಗೆ ಜೋತ ಬಿದ್ದಿಲ್ಲ, ಇಳೀ ಮೊದಲ!"

ಜನ ನಕ್ಕರು, ಅಪ್ಪಾಸಾಬ ಟಿವಿಯ ಮೇಲಿಂದ ತಾನೇ ಇಳಿಯುವವನಂತೆ ಎರಡು ಹೆಜ್ಜೆ ಹಿಂದೆ ಸರಿದ. ಆದರೆ ಆಟ ಅಲ್ಲಿಗೆ ನಿಂತುಹೋಯಿತು. ದುಂಡೇಶ ಎಷ್ಟು ನೋಡಿದರೂ ಸರಿಸಲು ಒಂದು ಎಲೆ ಕಾಣದು. ಬೆವರು ಕೀಲಿಗಳ ಮೇಲೆ ತೊಟ್ಟಿಕ್ಕಿತು. ಆಗ ಹಿಂದಿನಿಂದ ಹಲ್ಲುಕಡ್ಡಿಯ ಸಪ್ಪಳ ಕೇಳಿಸಿತು. ಚನಮಲ್ಲಪ್ಪ ಸಾಹೇಬರು!

ದುಂಡೇಶ ಕಣ್ಣು ಮುಚ್ಚಿದ. ಮೈ ಈಗಲೇ ತುರಿಸತೊಡಗಿತು.

ಸಾಹೇಬರು ಬಾಗಿ ಅವನ ಕಿವಿಯಲ್ಲಿ ಹೇಳಿದರು: "ಹುಚ್ಚಾ, ಎಂಟನ್ನ ಕಟಗೊಂಡ ಒಂಬತ್ತು ಆ ಮೂಲ್ಯಾಗಿನ ಹತ್ತರ ಕೆಳಗ ಹೋಗತೈತಿ. ಅರ್ಧಾ ತಾಸ ಆತು, ನನ್ನ ಕ್ವಾಣಿ ಕಿಡಿಕ್ಯಾಗಿಂದ ನೋಡಾಕತ್ತೇನಿ. ಜೀವ ತಡೀಲಿಲ್ಲ, ಬಂದೆ."

ನೀತಿ ಬೋಧಿಸುವ ಅಧಿಕಾರಿಗೆ ಇಸ್ಪೀಟಿನ ನಿಯಮಗಳು ಇಷ್ಟು ಕರಗತವಾಗಿದ್ದುದು ಹೇಗೆಂದು ಕೇಳುವ ಸ್ಥಿತಿಯಲ್ಲಿ ದುಂಡೇಶನಿರಲಿಲ್ಲ. ಒಂಬತ್ತು ಎಂಟರೊಡನೆ ಸರಿಯಿತು. ಚುಕ್ಕಿ ತೆರೆಯಿತು, ಒಳಗೆ ಅಡಗಿದ್ದ ಎಕ್ಕ ಸಾಲಿನಿಂದ ಬಿಡುಗಡೆಯಾಗಿ ಪರದೆಯ ಮೇಲಂಚಿಗೆ ಹೋಯಿತು. ಅದರ ಹಿಂದೆ ಎರಡು, ಮೂರು, ನಾಲ್ಕು. ಸಾಹೇಬರು ಕಿಟಕಿಯಿಂದ ತಲೆ ಹೊರಹಾಕಿ ಗಂಟಲು ಸರಿಮಾಡಿಕೊಂಡರು.

"ರೈತಬಾಂಧವರ, ನೋಡ್ರಿ! ಒಂದಾದ ಮ್ಯಾಲೆ ಎರಡು, ಎರಡಾದ ಮ್ಯಾಲೆ ಮೂರು. ಫೋನಿಲ್ಲ, ವಶೀಲಿ ಇಲ್ಲ. ಎಲ್ಲಾ ನಿಮ್ಮ ಕಣ್ಣ ಮುಂದ!"

ಚಪ್ಪಾಳೆ ಬೇವಿನ ಮರದ ಕಾಗೆಗಳನ್ನು ಎಬ್ಬಿಸಿತು. ಎಂಟು ಹೋದಾಗ ಅಪ್ಪಾಸಾಬ ತಲೆಯ ಪಟಕಾ ಬಿಚ್ಚಿ ಹಾರಿಸಿದ. ಕೆಂಪು ಒಂಬತ್ತು ಹೋದಾಗ ಹಾಲವ್ವ ಗೋಡೆಯತ್ತ ಬೆರಳ ನೆಟಿಗೆ ಮುರಿದು ಟಿವಿಯ ದೃಷ್ಟಿ ತೆಗೆದಳು. ನಂಬರಿಲ್ಲದ ರಾಜರು ಎಲ್ಲರಿಗಿಂತ ಕೊನೆಗೆ ಹೋದರು. ಹಾಗೆ ಹೋದದ್ದನ್ನು ಆ ಅಂಗಳ ಹಿಂದೆಂದೂ ಕಂಡಿರಲಿಲ್ಲ. ಜನ ಟೋಪಿಗಳನ್ನು ತೂರಿದರು. ಹಾಲವ್ವ "ಗಂಟ ಕಟ್ಟತೀನ್ರಿ ಅಳಿಯಾಂದ್ರ" ಎಂದು ಮನೆಗೆ ಹೊರಟಳು. ತನ್ನ ಮಂಚ ತನಗೆ ಮರಳಿತೆಂದು ದುಂಡೇಶನ ಕಣ್ಣು ತುಂಬಿತು.

ಅಂಗಳ ಖಾಲಿಯಾದ ಮೇಲೆ ಸಾಹೇಬರು ಅವನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಮೇಜಿನ ಮೇಲೆ ಒಂದು ಹಾಳೆ.

"ಇದನ್ನ ಟೈಪ್ ಮಾಡು. ಇದು ಇವತ್ತಿನ ಪಾಳಿ."

"ಮತ್ತ... ಟಿವ್ಯಾಗ ಹೋಗಿದ್ದು?"

"ಅದು ಹೊರಗಿನವ್ರಿಗಿ. ಇದು ಒಳಗಿಂದು. ನಾಳೆಯಿಂದ ದಿನಾ ಮುಂಜಾನೆ ಹೊರಗಿನವ್ರಿಗೆ ಒಂದ ಆಟ ಆಡು. ಆಡಲಿಲ್ಲಂದ್ರ ಸಿಪ್ಪಿ ರಾಶಿ."

ದುಂಡೇಶ ಹಾಳೆ ನೋಡಿದ. ಎರಡನೆಯ ಸಾಲನ್ನು ದಪ್ಪಗೆ ಹೊಡೆದುಹಾಕಲಾಗಿತ್ತು. ಗೀಟಿನ ಕೆಳಗೆ ಇನ್ನೂ ಓದಬಹುದಿತ್ತು: ಹಾಲವ್ವ, ಚಿಮ್ಮಡ.

"ಸಾಹೇಬ್ರ, ಇದು ನಮ್ಮ ಅತ್ತಿ..."

"ಹೌದಪಾ. ನೀ ಕೇಳಿದ್ದಿ ಅಂತ ಮುಂಜಾನೆನ ಎರಡನೇದ ಬರದಿದ್ದೆ. ಆದ್ರ ಆಕಿ ಎಲ್ಲಾರ ಮುಂದ ಅಳಿಯಾ ಅಳಿಯಾ ಅಂತ ಒದರಿದ್ಲು. ಇವತ್ತ ಆಕಿ ಹೊಲಕ್ಕ ಕಬ್ಬ ಕಡಿಯೂ ಗ್ಯಾಂಗ್ ಕಳಿಸಿದ್ರ, ಅಳಿಯಾ ಬಟನ್ ಒತ್ತಿ ಅತ್ತಿ ಕಬ್ಬ ದಾಟ್ಸಿದ ಅಂತ ಮಂದಿ ನನ್ನ ಮ್ಯಾಲೆ ಬರತೈತಿ. ಪಾರದರ್ಶಕತಾ ಅಂದ್ರ ಹುಡುಗಾಟಲ್ಲ. ಹಂಗಾಗಿ ಹೊಡದ ಹಾಕಿದ್ನಿ."

ಇಡೀ ದಿನ ಕೈಕಟ್ಟಿ ಸುಮ್ಮನೆ ಕೂತಿದ್ದರೆ ದುಂಡೇಶನ ಅತ್ತೆ ಸಂಜೆಗೆ ಚಿಮ್ಮಡದಲ್ಲಿರುತ್ತಿದ್ದಳು. ಅವನು ಹಾಳೆ ಹಿಡಿದು ಬಂದು, ಹುಬ್ಬು ಗಂಟಿಕ್ಕಿ, ಟೈಪು ಮಾಡಿದ. ಹೌದು, ಮಾಡಿದ. ಅಂಥವರು ಮಾಡುತ್ತಾರೆ.

ಮನೆಯಲ್ಲಿ ಗೋಧಿ ಬೆಲ್ಲದ ಮಾದಲಿಯ ವಾಸನೆ ಘಮಘಮಿಸುತ್ತಿತ್ತು. ಕಟ್ಟಿದ ಗಂಟನ್ನು ಹಾಲವ್ವ ಮತ್ತೆ ಬಿಚ್ಚಿ ಹಾಕಿದ್ದಳು.

"ಅತ್ತಿ, ಹೋಗಲಿಲ್ಲೇನ್ರಿ?"

"ಗ್ಯಾಂಗ್ ನೀವ ಕಳಸ್ತೀರಲ್ರಿ, ಇನ್ನೇನ ಚಿಂತಿ? ಅಳಿಯಾ ದಿನಾ ಟಿವ್ಯಾಗ ಪಾಳಿ ಮಾಡತಾನಂತ ಹುಲೆಪ್ಪ ಮನಿಗೆ ಬಂದು ಹೇಳಿದ. ಸೀಸನ್ ಮುಗಿಯೂಮಟ ಕಣ್ತುಂಬ ನೋಡೇ ಹೋಗಾಕಿ" ಎಂದು ಆಕೆ ಅಳಿಯನ ಫ್ಯಾನನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

ಓದುಗರೇ, ನಾಳೆ ಆ ಬೇವಿನ ಮರದ ಕೆಳಗೆ ನಿಂತಾಗ ದಯವಿಟ್ಟು ಚಪ್ಪಾಳೆ ತಟ್ಟಬೇಡಿ. ಟಿವಿಯ ಹಿಂದಿನ ವೈರನ್ನು ಹಿಡಿದುಕೊಂಡು ಒಳಗೆ ನಡೆಯಿರಿ. ದುಂಡೇಶನ ಹುಬ್ಬಿನ ಗಂಟಿಗೆ ಹೆದರದೆ ಅವನ ಮೇಜು ದಾಟಿ, ಆಚೆಯ ಮುಚ್ಚಿದ ಬಾಗಿಲನ್ನು ತಟ್ಟಿ, ಒಳಗಿನ ಹಾಳೆ ತೋರಿಸಿರೆಂದು ಕೇಳಿ. ಬರುವಾಗ ಹಾಲವ್ವನನ್ನೂ ಕರೆದುಕೊಂಡು ಬನ್ನಿ. ಕೈಕಟ್ಟಿ ನಿಲ್ಲುವುದು ಆಕೆಗೆ ಬಾರದು.